ನಾಮವೂ ಅನಾತ್ಮವೂ: ಬೌದ್ಧದರ್ಶನದಲ್ಲಿ ಭಾಷೆಯ ವಿಚಾರ

ಬೌದ್ಧಧರ್ಮವೆಂದ ಕೂಡಲೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅಹಿಂಸೆ, ಕರುಣೆ, ಆಸೆಯೇ ದುಃಖಕ್ಕೆ ಮೂಲವೆಂಬ ಉಪದೇಶ, ಇವಿಷ್ಟೆ. ಶಾಲೆಯ ಪಠ್ಯಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚು ಹೇಳಲು ಸ್ಥಳವೂ ಇರುವುದಿಲ್ಲ. ಆದರೆ ಆ ದರ್ಶನದ ನಡುಮನೆಯಲ್ಲಿರುವುದು ಅನಾತ್ಮವಾದ. ಅದನ್ನು ಪ್ರವೇಶಿಸಬೇಕಾದರೆ ದಾಟಬೇಕಾದ ಹೊಸ್ತಿಲು ಭಾಷೆಯ ಪ್ರಶ್ನೆ. ವಸ್ತುವಿಗೂ ಅದರ ಹೆಸರಿಗೂ ಇರುವ ಸಂಬಂಧವೇನು? ಹೆಸರು ಇದ್ದಮಾತ್ರಕ್ಕೆ ಹೆಸರಿನವನೊಬ್ಬನು ಒಳಗೆ ಇದ್ದೇ ಇರಬೇಕೆ? "ನಾನು" ಎಂಬ ಮಾತು ಯಾವುದನ್ನು ತೋರಿಸುತ್ತದೆ? ಈ ಪ್ರಶ್ನೆಗಳನ್ನು ಬೌದ್ಧಾಚಾರ್ಯರು ನಮ್ಮ ದೇಶದಲ್ಲಿ ಸಾವಿರ ವರ್ಷಗಳಿಗೂ ಮೀರಿ ಬಿಡದೆ ಚರ್ಚಿಸಿದರು.

ಗಡಿನಾಡಿನ ಉಪಾಧ್ಯಾಯರಿಗೆ ಈ ವಿಷಯ ದೂರದ್ದೇನೂ ಅಲ್ಲ. ಅಗಳಿ, ಮಡಕಶಿರ, ರಾಯದುರ್ಗಗಳ ಕಡೆ ಪ್ರತಿ ಪದಾರ್ಥಕ್ಕೂ ಎರಡು ಹೆಸರು. ಹಾಜರಿ ಪುಸ್ತಕ ಹಿಡಿದು ಒಬ್ಬ ಉಪಾಧ್ಯಾಯರು "ನಾಗರಾಜ" ಎಂದು ಕೂಗಿದರೂ, ಮತ್ತೊಬ್ಬರು "ನಾಗರಾಜು" ಎಂದು ಕೂಗಿದರೂ ಎದ್ದು ನಿಲ್ಲುವ ಹುಡುಗ ಒಬ್ಬನೇ. ಹೆಸರು ಮತ್ತು ಹೆಸರಿನವನು ಎಂಬ ಸಮಸ್ಯೆಯನ್ನು ನಾವು ದಿನವೂ ಬೆಳಗ್ಗೆ ಹತ್ತು ನಿಮಿಷ ಅಭ್ಯಾಸ ಮಾಡುತ್ತಲೇ ಇದ್ದೇವೆ.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಹೆಸರು ಬರಿಯ ಹೆಸರೇ ಆಗಿದ್ದರೆ, ಭಾಷೆಯೂ ಇಂಥ ಹೆಸರುಗಳ ಮೊತ್ತವೇ ಆಗಿದ್ದರೆ, ಈ ಮೂಲೆಯಲ್ಲಿ ಕನ್ನಡ ಉಳಿಯಬೇಕೆಂದು ನಾವು ಪಡುವ ಪಾಡಿಗೆ ಏನು ಅರ್ಥ? ಹಾಲು ಎಂದರೇನು, ಪಾಲು ಎಂದರೇನು, ಕುಡಿದವನಿಗೆ ಹೊಟ್ಟೆ ತುಂಬಿದರೆ ಸಾಲದೆ? ಬೌದ್ಧರ ಮಾತನ್ನು ಅರ್ಧಕ್ಕೆ ನಿಲ್ಲಿಸಿದವರು ಈ ತೀರ್ಮಾನಕ್ಕೇ ಬರುವರು. ಪೂರ್ತಿಯಾಗಿ ಕೇಳಿದರೆ ದೊರೆಯುವ ಉತ್ತರ ಬೇರೆ. ಅದನ್ನು ಕ್ರಮವಾಗಿ ನೋಡೋಣ.

೧. ಅನಾತ್ಮವೆಂದರೇನು?

ಬುದ್ಧದೇವನು ಸಾರನಾಥದ ಮೃಗದಾವದಲ್ಲಿ ಐವರು ಭಿಕ್ಷುಗಳಿಗೆ ಮಾಡಿದ ಎರಡನೆಯ ಉಪದೇಶವೇ ಅನಾತ್ಮವನ್ನು ಕುರಿತದ್ದೆಂದು ಪಾಲಿ ಗ್ರಂಥಗಳು ಹೇಳುತ್ತವೆ. ನಾವು ಮನುಷ್ಯನೆಂದು ಕರೆಯುವುದನ್ನು ಅಲ್ಲಿ ಐದು ಸ್ಕಂಧಗಳಾಗಿ ವಿಂಗಡಿಸಿದೆ: ರೂಪ, ಎಂದರೆ ದೇಹ, ವೇದನೆ, ಎಂದರೆ ಸುಖದುಃಖಗಳ ಅನುಭವ, ಸಂಜ್ಞೆ, ಎಂದರೆ ಇದು ಇಂಥದೆಂದು ಗುರುತಿಸುವುದು, ಸಂಸ್ಕಾರ, ಎಂದರೆ ಇಚ್ಛೆ, ಅಭ್ಯಾಸ ಮೊದಲಾದ ಮನಸ್ಸಿನ ರಚನೆಗಳು, ವಿಜ್ಞಾನ, ಎಂದರೆ ಅರಿವು. ಇವುಗಳಲ್ಲಿ ಪ್ರತಿಯೊಂದೂ ಬದಲಾಗುವುದು, ನಮ್ಮ ಅಪ್ಪಣೆಯಂತೆ ನಡೆಯದಿರುವುದು. ಬದಲಾಗುವುದನ್ನು, ಅಪ್ಪಣೆಗೆ ಒಳಪಡದುದನ್ನು, ನಾನು ಎಂದೂ ನನ್ನದು ಎಂದೂ ಹಿಡಿದುಕೊಳ್ಳುವುದು ಯುಕ್ತವೆ? ಅಲ್ಲವೆಂದು ಆ ಐವರೂ ಒಪ್ಪಿದರು.

ಇಲ್ಲಿ ಯಾವುದನ್ನು ನಿರಾಕರಿಸಿದೆ, ಯಾವುದನ್ನು ನಿರಾಕರಿಸಿಲ್ಲ ಎಂಬುದನ್ನು ಎಚ್ಚರದಿಂದ ಬೇರ್ಪಡಿಸಬೇಕು. ದೇಹವಿಲ್ಲವೆಂದಾಗಲಿ, ನೋವಿಲ್ಲವೆಂದಾಗಲಿ, ನೆನಪಿಲ್ಲವೆಂದಾಗಲಿ ಬೌದ್ಧನು ಹೇಳುವುದಿಲ್ಲ. ಇವೆಲ್ಲಕ್ಕೂ ಹಿಂದೆ, ಇವುಗಳಿಂದ ಬೇರೆಯಾಗಿ, ಎಂದೂ ಬದಲಾಗದ ಒಡೆಯನೊಬ್ಬನು ಕುಳಿತಿದ್ದಾನೆ ಎಂಬುದನ್ನು ಮಾತ್ರ ಅವನು ಒಪ್ಪುವುದಿಲ್ಲ.

ಇನ್ನೊಂದು ತೊಡಕನ್ನೂ ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು. ಬೌದ್ಧಗ್ರಂಥಗಳಲ್ಲಿ "ನಾಮರೂಪ" ಎಂಬ ಮಾತು ಪದೇ ಪದೇ ಬರುತ್ತದೆ. ವೇದಾಂತದ ಪರಿಚಯವಿರುವ ನಾವು ಅದನ್ನು ಹೆಸರು ಮತ್ತು ಆಕಾರ ಎಂದು ಓದಿಕೊಳ್ಳುವೆವು. ಆದರೆ ಪಾಲಿ ಸೂತ್ರಗಳಲ್ಲಿ ಅಲ್ಲಿಯ "ನಾಮ" ಎಂದರೆ ವೇದನೆ, ಸಂಜ್ಞೆ, ಚೇತನೆ, ಸ್ಪರ್ಶ, ಮನಸ್ಕಾರ ಎಂಬ ಮನೋವ್ಯಾಪಾರಗಳ ಗುಂಪು. ನಮ್ಮ ಈಗಿನ ವಿಷಯವಾದ ಹೆಸರಿಗೆ ಅವರು ಬಳಸಿದ ಶಾಸ್ತ್ರೀಯ ಶಬ್ದ ಪಾಲಿಯಲ್ಲಿ "ಪಞ್ಞತ್ತಿ", ಸಂಸ್ಕೃತದಲ್ಲಿ "ಪ್ರಜ್ಞಪ್ತಿ". ತಿಳಿಯಪಡಿಸುವುದು, ಗುರುತು ಮಾಡಿಕೊಡುವುದು ಎಂದು ಅದರ ಅರ್ಥ.

೨. ಬಂಡಿಯ ದೃಷ್ಟಾಂತ

ಹೆಸರನ್ನೂ ಅನಾತ್ಮವನ್ನೂ ಒಂದೇ ಕಡೆ ಕಟ್ಟಿ ತೋರಿಸುವ ಪ್ರಸಿದ್ಧ ಸಂವಾದ ಮಿಲಿಂದಪಞ್ಹದಲ್ಲಿದೆ. ಮಿಲಿಂದನೆಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಯವನ ರಾಜ ಮಿನಾಂಡರ್. ಅವನು ನಾಗಸೇನನೆಂಬ ಭಿಕ್ಷುವಿನ ಹೆಸರನ್ನು ಕೇಳುತ್ತಾನೆ. ತನ್ನನ್ನು ನಾಗಸೇನನೆಂದು ಕರೆಯುವರು, ಆದರೆ ಅದು ಕರೆಯುವುದಕ್ಕೆ ಇಟ್ಟುಕೊಂಡ ಒಂದು ಗುರುತು, ಅದರೊಳಗೆ ಒಬ್ಬ ವ್ಯಕ್ತಿ ಸಿಕ್ಕುವುದಿಲ್ಲ ಎಂದು ಭಿಕ್ಷು ಹೇಳುತ್ತಾನೆ. ರಾಜನಿಗೆ ಇದು ತಮಾಷೆಯಾಗಿ ಕಾಣುತ್ತದೆ. ಕೂದಲು ನಾಗಸೇನನೆ, ಉಗುರು ನಾಗಸೇನನೆ, ವೇದನೆ ನಾಗಸೇನನೆ, ಎಲ್ಲ ಸೇರಿದ್ದು ನಾಗಸೇನನೆ ಎಂದು ಕೇಳುತ್ತ ಹೋಗುತ್ತಾನೆ. ಎಲ್ಲಕ್ಕೂ ಅಲ್ಲವೆಂದೇ ಉತ್ತರ. ಹಾಗಾದರೆ ಭಿಕ್ಷು ಸುಳ್ಳು ಹೇಳಿದಂತಾಯಿತು ಎಂದು ರಾಜನ ವಾದ. ಆಗ ನಾಗಸೇನನು ರಾಜನು ಏರಿ ಬಂದ ರಥವನ್ನೇ ಹಿಡಿದು ಅದೇ ಪ್ರಶ್ನೆಗಳನ್ನು ತಿರುಗಿ ಕೇಳುತ್ತಾನೆ.

ರಥವನ್ನು ನಮ್ಮ ಮಕ್ಕಳು ತೇರಿನ ದಿನ ಮಾತ್ರ ನೋಡುವರು. ಆದುದರಿಂದ ಎತ್ತಿನ ಬಂಡಿಯನ್ನು ತೆಗೆದುಕೊಳ್ಳಬಹುದು. ನೊಗ ಬಂಡಿಯೆ? ಅಲ್ಲ. ಮೂಕಿ? ಅಲ್ಲ. ಅಚ್ಚು, ಗಾಲಿ, ಕಡಾಣಿ, ಇವು ಬಂಡಿಯೆ? ಅಲ್ಲ. ಇವೆಲ್ಲವನ್ನೂ ಬಿಚ್ಚಿ ಕಣದಲ್ಲಿ ರಾಶಿ ಹಾಕಿದರೆ ಆ ರಾಶಿ ಬಂಡಿಯೆ? ಅದೂ ಅಲ್ಲ, ಅದರ ಮೇಲೆ ಹುಲ್ಲು ಹೇರಲಾಗದು. ಇವೆಲ್ಲವನ್ನೂ ತೆಗೆದುಬಿಟ್ಟರೆ ಉಳಿಯುವ ಬೇರೆ ಯಾವುದಾದರೂ ಬಂಡಿಯೆ? ಅಲ್ಲಿ ಏನೂ ಉಳಿಯುವುದಿಲ್ಲ. ಹಾಗೆಂದು ಬಂಡಿಯಲ್ಲಿ ಸಂತೆಗೆ ಹೋಗಿ ಬಂದೆನೆಂದವನು ಸುಳ್ಳುಗಾರನೆ? ಅವನೂ ಅಲ್ಲ. ಈ ಭಾಗಗಳು ಈ ಕ್ರಮದಲ್ಲಿ ಕೂಡಿ, ಈ ಕೆಲಸವನ್ನು ಮಾಡುತ್ತಿರುವಾಗ, ಅವನ್ನು ಆಶ್ರಯಿಸಿ ಬಂಡಿ ಎಂಬ ಹೆಸರು ನಡೆಯುತ್ತದೆ. ನಾಗಸೇನನೆಂಬ ಹೆಸರೂ ಹೀಗೆಯೇ ಐದು ಸ್ಕಂಧಗಳನ್ನು ಆಶ್ರಯಿಸಿ ನಡೆಯುವುದು.

ಈ ಉಪಮಾನ ಇದಕ್ಕಿಂತ ಹಳೆಯದು. ವಜಿರಾ ಎಂಬ ಭಿಕ್ಷುಣಿ ಮಾರನಿಗೆ ಕೊಟ್ಟ ಉತ್ತರವಾಗಿ ಅದು ಸಂಯುತ್ತನಿಕಾಯದಲ್ಲಿಯೇ ಬಂದಿದೆ. ಇದರಿಂದ "ಬಂಡಿಯೇ ಇಲ್ಲ" ಎಂದು ತಿಳಿದವರು ದೃಷ್ಟಾಂತವನ್ನು ತಪ್ಪಾಗಿ ಗ್ರಹಿಸಿದಂತೆ. ಬಂಡಿ ಉಂಟು, ಅದು ನಡೆಯುವುದೂ ಉಂಟು. ಭಾಗಗಳಿಗೂ ಅವುಗಳ ಜೋಡಣೆಗೂ ಬಳಕೆಗೂ ಹೊರತಾಗಿ "ಬಂಡಿತನ"ವೆಂಬ ಇನ್ನೊಂದು ಪದಾರ್ಥವಿಲ್ಲ, ಅಷ್ಟೆ.

೩. ಅವನೇ ಅಲ್ಲ, ಬೇರೆಯವನೂ ಅಲ್ಲ

ಹಾಗಾದರೆ ನಿನ್ನೆ ತಪ್ಪು ಮಾಡಿದವನು ಇಂದು, ತಾನು ಬೇರೆ, ಅವನು ಬೇರೆ ಎಂದು ನುಣುಚಿಕೊಳ್ಳಬಹುದಲ್ಲವೆ? ಮಿಲಿಂದನು ಇದನ್ನೂ ಬಿಡುವುದಿಲ್ಲ. ನಾಗಸೇನನ ಉತ್ತರ ಮಾವಿನಹಣ್ಣಿನ ಕಳ್ಳನ ಕಥೆ. ಮಾಲಿಕನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಕಳ್ಳನು ವಾದಿಸಿದರೆ ಯಾವ ನ್ಯಾಯಾಧೀಶನೂ ಬಿಡುವುದಿಲ್ಲ. ಏಕೆಂದರೆ ಕಿತ್ತ ಹಣ್ಣು ನೆಟ್ಟ ಗೊರಟೆಯ ಪರಂಪರೆಯಲ್ಲಿಯೇ ಬಂದದ್ದು. ರಾತ್ರಿಯೆಲ್ಲ ಉರಿಯುವ ದೀಪದ ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಸಂತತಿ ಮುರಿದಿಲ್ಲ, ಆದುದರಿಂದ ಹೊಣೆಯೂ ಮುರಿಯುವುದಿಲ್ಲ. ಎಳೆಗೂಸಾಗಿ ಮಲಗಿದ್ದವನೂ ಬೆಳೆದು ನಿಂತವನೂ ಇದೇ ರೀತಿಯಲ್ಲಿ ಒಬ್ಬನೆನಿಸಿಕೊಳ್ಳುವರು.

ಇದಕ್ಕೆ ನಮ್ಮ ಸೀಮೆಯ ಸಾಕ್ಷ್ಯವೊಂದನ್ನು ಕೊಡಬಹುದು. ಮಡಕಶಿರ ತಾಲ್ಲೂಕಿನ ಹೇಮಾವತಿ ನೊಳಂಬ ಅರಸರ ರಾಜಧಾನಿಯಾಗಿತ್ತೆಂಬುದು ಎಲ್ಲರಿಗೂ ತಿಳಿದ ವಿಷಯ. ಶಾಸನಗಳಲ್ಲಿ ಆ ಊರಿನ ಹೆಸರು ಪೆಂಜೇರು, ಹೆಂಜೇರು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆದಂತೆ, ಪುಲಿ ಹುಲಿ ಆದಂತೆ, ಪೆಂಜೇರು ಹೆಂಜೇರಾಯಿತು. ಆಮೇಲೆ ಹೇಮಾವತಿಯೆಂಬ ಸಂಸ್ಕೃತದ ಉಡುಗೆ ತೊಟ್ಟಿತು. ಈಗ ಅಲ್ಲಿ ನೊಳಂಬರಿಲ್ಲ, ಆ ಕೋಟೆಯ ವೈಭವವಿಲ್ಲ, ಜನ ಬೇರೆ, ಮನೆಗಳು ಬೇರೆ, ಹೆಸರೂ ಬೇರೆ. ಆದರೂ ಇದೇ ಆ ಹೆಂಜೇರು ಎಂದು ನಾವು ಹೇಳುವುದು ಸುಳ್ಳಲ್ಲ. ಊರಿನೊಳಗೆ ಬದಲಾಗದ ತಿರುಳೊಂದು ಅಡಗಿದೆಯೆಂದು ಹಾಗೆ ಹೇಳುವುದಿಲ್ಲ; ಒಂದರಿಂದ ಒಂದು ಬಂದ ಪರಂಪರೆ ಕಡಿಯಲಿಲ್ಲವೆಂದು ಹೇಳುತ್ತೇವೆ.

ವ್ಯಾಕರಣ ಕಲಿಸುವವರಿಗೆ ಪ್ರಿಯವಾಗುವ ಸೂತ್ರವೊಂದು ಇದೇ ಸಂಯುತ್ತನಿಕಾಯದಲ್ಲಿದೆ. ನುಡಿಗೆ ಮೂರು ದಾರಿಗಳೆಂದು ಅದು ಹೇಳುತ್ತದೆ. ಕಳೆದುಹೋದುದಕ್ಕೆ "ಇತ್ತು" ಎಂಬುದು ತಕ್ಕ ಮಾತು. ಅದಕ್ಕೆ "ಇದೆ" ಎನ್ನಬಾರದು. ಈಗ ತೋರಿರುವುದಕ್ಕೆ "ಇದೆ". ಇನ್ನೂ ಬಾರದುದಕ್ಕೆ "ಇರುವುದು". ಈ ಮೂರನ್ನು ಕಲಸಬಾರದೆಂದು ಅದರ ತಾತ್ಪರ್ಯ. ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ಪಾಠವೇ ಇಲ್ಲಿ ತತ್ತ್ವವಾಗಿ ನಿಂತಿದೆ. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿ ಇತ್ತು. 1953ರ ಅಕ್ಟೋಬರ್ 1ರಿಂದ ಅದು ಅನಂತಪುರ ಜಿಲ್ಲೆಯದಾಯಿತು. ಮಡಕಶಿರ 1882ರಲ್ಲಿ ಅನಂತಪುರ ಜಿಲ್ಲೆ ಹುಟ್ಟುವ ತನಕ ಬಳ್ಳಾರಿಯದಾಗಿತ್ತು, ಅನಂತರ ಅನಂತಪುರದ್ದಾಯಿತು, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮದರಾಸು, ಆಂಧ್ರ, ಆಂಧ್ರಪ್ರದೇಶ ಎಂದು ರಾಜ್ಯದ ಹೆಸರೂ ಎರಡು ಸಲ ಬದಲಾಯಿತು. ಹೊಲದ ಬದು ಇದ್ದಲ್ಲಿಯೇ ಇದೆ. "ಇತ್ತು" ಎಂಬುದನ್ನು "ಇದೆ" ಎಂದು ಹಟ ಹಿಡಿಯುವುದರಿಂದ ಎಷ್ಟು ಜಗಳಗಳು ಹುಟ್ಟುವುವೆಂಬುದನ್ನು ಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

೪. ಎರಡು ಸತ್ಯಗಳು

ದೀಘನಿಕಾಯದ ಪೋಟ್ಠಪಾದಸೂತ್ರದಲ್ಲಿ ಹಾಲಿನ ಉದಾಹರಣೆ ಬರುತ್ತದೆ. ಹಾಲಿನಿಂದ ಮೊಸರು, ಮೊಸರಿನಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ. ಹಾಲಾಗಿರುವಾಗ ಅದಕ್ಕೆ ಹಾಲೆಂದೇ ಹೆಸರು, ಮೊಸರೆಂದಲ್ಲ. ಮೊಸರಾದಾಗ ಮೊಸರೆಂದೇ ಹೆಸರು, ಹಾಲೆಂದಲ್ಲ. ಇವು ಲೋಕದ ಹೆಸರುಗಳು, ಲೋಕದ ನುಡಿಗಳು, ಲೋಕದ ವ್ಯವಹಾರಗಳು. ತಥಾಗತನೂ ಇವುಗಳಿಂದಲೇ ಮಾತನಾಡುವನು, ಆದರೆ ಇವುಗಳಿಗೆ ಮರುಳಾಗುವುದಿಲ್ಲ ಎಂಬುದು ಆ ಸೂತ್ರದ ನಿಲವು.

ಅನಾತ್ಮವನ್ನು ಬೋಧಿಸಿದವನು "ನಾನು", "ನೀನು", "ನನ್ನ ಪಾತ್ರೆ" ಎಂದು ಮಾತನಾಡುವುದು ಹೇಗೆ ಎಂಬ ಆಕ್ಷೇಪಕ್ಕೆ ಇದೇ ಸಮಾಧಾನ. ಇದನ್ನು ಮುಂದಿನ ಆಚಾರ್ಯರು ಸಂವೃತಿಸತ್ಯ, ಪರಮಾರ್ಥಸತ್ಯ ಎಂದು ಎರಡಾಗಿ ಹೇಳಿದರು. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನಲ್ಲಿದ್ದ ನಾಗಾರ್ಜುನನು ವ್ಯವಹಾರವನ್ನು ಆಶ್ರಯಿಸದೆ ಪರಮಾರ್ಥವನ್ನು ಬೋಧಿಸಲಾಗದೆಂದು ಸ್ಪಷ್ಟಪಡಿಸಿದನು. ಪರಮಾರ್ಥಕ್ಕೆ ಏಣಿಯೇ ವ್ಯವಹಾರ. ಏಣಿಯನ್ನೇ ಅಟ್ಟವೆಂದು ತಿಳಿಯಬಾರದು; ಅಟ್ಟ ಮೇಲಿದೆಯೆಂದು ಏಣಿಯನ್ನು ಒಲೆಗೆ ಹಾಕಲೂಬಾರದು.

ಉಪಾಧ್ಯಾಯರಿಗೆ ಇದರ ಬೆಲೆ ವರ್ಗಾವಣೆ ಪತ್ರ ಬರೆಯುವಾಗ ತಿಳಿಯುವುದು. ಪರಮಾರ್ಥದಲ್ಲಿ ನಾಗರಾಜನೂ ಇಲ್ಲ, ನಾಗರಾಜುವೂ ಇಲ್ಲ ಎನ್ನೋಣ. ಆದರೆ ದಾಖಲೆಯಲ್ಲಿ ಒಂದು ಕಡೆ ಒಂದು ರೂಪ, ಮತ್ತೊಂದು ಕಡೆ ಇನ್ನೊಂದು ರೂಪ ಸೇರಿಬಿಟ್ಟರೆ, ಹತ್ತು ವರ್ಷಗಳ ಮೇಲೆ ಆ ಹುಡುಗನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು. ಹೆಸರು ಬರಿಯ ಸಂಕೇತವೆಂದು ಬಲ್ಲವನೇ ಸಂಕೇತವನ್ನು ಸರಿಯಾಗಿ ಬರೆಯಬೇಕು. ಏಕೆಂದರೆ ಸಂಕೇತಕ್ಕೆ ಇರುವ ಸತ್ವವೆಲ್ಲ ಅದರ ಸರಿಯಾದ ಬಳಕೆಯಲ್ಲಿಯೇ ಇದೆ.

೫. ದೇಶಭಾಷೆಯ ವಿಚಾರ

ಗಡಿನಾಡಿಗಾಗಿಯೇ ಹೇಳಿದಂತಿರುವ ಸೂತ್ರವೊಂದು ಮಜ್ಝಿಮನಿಕಾಯದಲ್ಲಿದೆ. ಅರಣವಿಭಂಗಸೂತ್ರವೆಂದು ಅದರ ಹೆಸರು. ರಣವೆಂದರೆ ಕಲಹ, ಅರಣವೆಂದರೆ ಕಲಹವಿಲ್ಲದಿರುವುದು. ಕಲಹವಿಲ್ಲದೆ ಬಾಳುವ ಬಗೆಗಳನ್ನು ಎಣಿಸುವಾಗ ಅಲ್ಲಿ ಭಾಷೆಯ ವಿಷಯವೂ ಬರುತ್ತದೆ. ಒಂದೇ ಪಾತ್ರೆಯನ್ನು ಒಂದು ಸೀಮೆಯಲ್ಲಿ ಪಾತಿ ಎನ್ನುವರು, ಇನ್ನೊಂದು ಸೀಮೆಯಲ್ಲಿ ಪತ್ತ, ಮತ್ತೊಂದರಲ್ಲಿ ಸರಾವ. ಹೀಗೆಯೇ ಹಲವು ಹೆಸರು. ತನ್ನ ಸೀಮೆಯ ಹೆಸರೇ ಸತ್ಯ, ಉಳಿದುವು ಹುಸಿ ಎಂದು ಬಿಗಿಹಿಡಿಯುವುದು ಕಲಹಕ್ಕೆ ದಾರಿ. ಈ ಸಜ್ಜನರು ಇದನ್ನೇ ಕುರಿತು ಹಾಗೆ ಹೇಳುತ್ತಿದ್ದಾರೆಂದು ತಿಳಿದು, ಅಲ್ಲಲ್ಲಿಯ ಮಾತಿನಿಂದ ವ್ಯವಹರಿಸುವುದು ಶಾಂತಿಗೆ ದಾರಿ.

ನಮ್ಮ ಸೀಮೆಯ ಬೆಳೆಯನ್ನೇ ನೋಡಿ. ಶಿರಾ, ಮಧುಗಿರಿಗಳ ಕಡೆ ಕಡಲೆಕಾಯಿ. ಬಳ್ಳಾರಿಯ ಕಡೆ ಶೇಂಗಾ. ಹಿಂದೂಪುರದ ಕಡೆ ವೇರುಶನಗ. ತಕ್ಕಡಿಯಲ್ಲಿ ಹಾಕಿದರೆ ಹೆಸರಿನಿಂದ ತೂಕ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಮನೆಯ ಮುದ್ದೆಯೇ ನೆಂಟರ ಮನೆಯಲ್ಲಿ ಸಂಗಟಿ. ಹಾಲಿಗೆ ಪಾಲು, ಬೆಣ್ಣೆಗೆ ವೆನ್ನ, ಮಜ್ಜಿಗೆಗೆ ಮಜ್ಜಿಗ ಎನ್ನುವಾಗ ಎರಡು ಭಾಷೆಗಳು ಒಂದೇ ಬೇರಿನ ಕವಲುಗಳೆಂಬುದೂ ಕಾಣುವುದು.

ಆದರೆ ಸೂತ್ರ ಇಲ್ಲಿಗೆ ಮುಗಿಯಲಿಲ್ಲ. ಬಹುಮಂದಿ ಬಿಟ್ಟುಬಿಡುವ ಎರಡನೆಯ ಅರ್ಧವೊಂದಿದೆ. ದೇಶಭಾಷೆಯನ್ನು ಬಿಗಿಹಿಡಿಯಬಾರದು ಎಂದ ಉಸಿರಿನಲ್ಲಿಯೇ, ರೂಢಿಯ ಹೆಸರನ್ನು ಮೀರಿ ಹೋಗಬಾರದು ಎಂದೂ ಅಲ್ಲಿ ಹೇಳಿದೆ. ಹೆಸರು ಬರಿಯ ಹೆಸರೆಂದು ತಿಳಿದವನಿಗೆ ಜನರ ನುಡಿಯನ್ನು ಕಡೆಗಣಿಸುವ ಅಧಿಕಾರ ಬರುವುದಿಲ್ಲ. ಊರಿನವರೆಲ್ಲ ಒಂದು ಹೆಸರಿನಿಂದ ಕರೆಯುತ್ತಿರುವಾಗ ಅದನ್ನು ಅಳಿಸಿ, ಅವರಿಗೆ ಗೊತ್ತಿಲ್ಲದ ಇನ್ನೊಂದನ್ನು ಹೇರುವುದೂ ಬಿಗಿಹಿಡಿದಷ್ಟೇ ಕಲಹಕ್ಕೆ ಕಾರಣ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಇದಕ್ಕೆ ಹೊಂದುವ ಪ್ರಸಂಗವಿದೆ. ಬ್ರಾಹ್ಮಣಕುಲದಿಂದ ಬಂದ, ಒಳ್ಳೆಯ ವಾಕ್ಚಾತುರ್ಯವಿದ್ದ ಇಬ್ಬರು ಸೋದರ ಭಿಕ್ಷುಗಳು ಬುದ್ಧನ ಬಳಿಗೆ ಬಂದು, ನಾನಾ ಕುಲಗಳಿಂದ ಬಂದವರು ತಂತಮ್ಮ ನುಡಿಯಲ್ಲಿ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ತಾವು ಅದನ್ನು ಛಂದಸ್ಸಿಗೆ ಏರಿಸುವೆವು ಎಂದು ಕೇಳುವರು. ಬುದ್ಧನು ಒಪ್ಪಲಿಲ್ಲ. ಸ್ವಂತ ನುಡಿಯಲ್ಲಿಯೇ ಕಲಿಯಲು ಅನುಮತಿ ಕೊಟ್ಟನು. ಈ "ಸ್ವಂತ ನುಡಿ" ಕಲಿಯುವವನದೋ ಬುದ್ಧನದೋ ಎಂಬುದರಲ್ಲಿ ಮತಭೇದವಿದೆ. ಐದನೆಯ ಶತಮಾನದ ವ್ಯಾಖ್ಯಾನಕಾರ ಬುದ್ಧಘೋಷನು ಬುದ್ಧನ ಮಾಗಧೀ ಭಾಷೆಯೆಂದೇ ಅರ್ಥ ಮಾಡಿದನು; ಆಧುನಿಕ ವಿದ್ವಾಂಸರಲ್ಲಿ ಹಲವರು ಕಲಿಯುವವರ ನುಡಿಯೆಂದು ತಿಳಿಯುವರು. ಹೇಗೇ ಇರಲಿ, ಪಂಡಿತರ ಭಾಷೆಯೊಂದಕ್ಕೇ ಬೋಧನೆಯನ್ನು ಕಟ್ಟಿಹಾಕಲು ಅವನು ಒಪ್ಪಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

೬. ಬ್ರಹ್ಮಗಿರಿಯ ಸಾಕ್ಷಿ

ಬೌದ್ಧರ ಮಾತು ನಮ್ಮ ನೆರೆಗೆ ಬಂದುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ರಾಯದುರ್ಗದ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಾನು ಉಪಾಸಕನಾದುದನ್ನೂ ಸಂಘವನ್ನು ಸಮೀಪಿಸಿದುದನ್ನೂ ಅರಸನು ಅಲ್ಲಿ ಹೇಳಿಕೊಂಡಿರುವನು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಶಿಷ್ಯನು ಆಚಾರ್ಯನನ್ನು ಗೌರವಿಸುವುದು, ಇವು ಅಲ್ಲಿಯ ಉಪದೇಶ. ನಮ್ಮ ವೃತ್ತಿಯ ಗೌರವವನ್ನು ಈ ಸೀಮೆಯಲ್ಲಿ ಮೊದಲು ಬರೆದದ್ದು ಈ ಬಂಡೆಗಳ ಮೇಲೆಯೇ ಎನ್ನಬಹುದು.

ಭಾಷೆಯ ದೃಷ್ಟಿಯಿಂದ ಈ ಶಾಸನಗಳಲ್ಲಿ ಮೂರು ಸಂಗತಿಗಳು ಗಮನಾರ್ಹ. ಒಂದು, ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಆದರೆ ಬರೆದ ಚಪಡನು ತಾನು ಲಿಪಿಕಾರನೆಂಬುದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠೀ ಅಕ್ಷರಗಳಲ್ಲಿ ಕೆತ್ತಿದನು. ದೂರ ದೇಶದಲ್ಲಿದ್ದವನು ತನಗೆ ಪರಿಚಿತವಾದ ಲಿಪಿಯಲ್ಲಿ ತನ್ನ ಕಸಬನ್ನು ಗುರುತು ಮಾಡಿದನು. ಎರಡು, ಈ ಆಜ್ಞೆ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಈ ಇಸಿಲ ಎಂಬ ಊರಹೆಸರು ಕನ್ನಡ ಮೂಲದ್ದೆಂದು ವಿದ್ವಾಂಸರಾದ ಡಿ. ಎಲ್. ನರಸಿಂಹಾಚಾರ್ಯರು ವಿವೇಚಿಸಿದ್ದಾರೆ. ಅದು ನಿಜವಾದರೆ, ಪ್ರಾಕೃತದ ಸಾಲುಗಳ ನಡುವೆ ನೆಲದ ನುಡಿ ಉಳಿದುಬಂದದ್ದು ಒಂದು ಹೆಸರಿನ ರೂಪದಲ್ಲಿ. ಮೂರು, ಈ ಬಂಡೆಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯನೆಂದೇ ಕರೆದುಕೊಂಡಿರುವನು. ಅಶೋಕನೆಂಬ ಹೆಸರು ಶಾಸನದಲ್ಲಿ ಮೊದಲು ಓದಿಸಿಕೊಂಡದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ದೇವಾನಾಂಪ್ರಿಯನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದನ್ನು ಆ ಒಂದು ಶಬ್ದ ಸ್ಥಿರಪಡಿಸಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಹೆಸರಿನೊಳಗೆ ಅರಸನಿಲ್ಲ, ಆದರೆ ಆ ಹೆಸರಿಲ್ಲದೆ ಅರಸನ ಗುರುತು ನಮಗೆ ಗಟ್ಟಿಯಾಗುತ್ತಿರಲಿಲ್ಲ.

ಬೌದ್ಧರ ನೆಲೆ ಕನ್ನಡ ನಾಡಿನಲ್ಲಿ ಬಹುಕಾಲ ಇತ್ತೆಂಬುದಕ್ಕೆ ಡಂಬಳದ 1095ರ ಕನ್ನಡ ಶಾಸನದಂಥವು ಸಾಕ್ಷಿ; ಅದು ಅಲ್ಲಿಯ ಬೌದ್ಧವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ.

೭. ಶಬ್ದ ಅರ್ಥವನ್ನು ಮುಟ್ಟುವ ಬಗೆ

ಶಬ್ದಾರ್ಥಗಳ ಸಂಬಂಧ ನಿತ್ಯವೆಂದು ಮೀಮಾಂಸಕರು ಹೇಳುವರು. ಅದು ಸಂಕೇತದಿಂದ ಬಂದದ್ದಾದರೂ "ಗೋ" ಎಂಬ ಮಾತಿಗೆ ಎಲ್ಲ ಹಸುಗಳಲ್ಲಿ ನೆಲಸಿರುವ ಗೋತ್ವವೆಂಬ ಜಾತಿ ಆಧಾರವೆಂದು ನೈಯಾಯಿಕರ ಮತ. ಬೌದ್ಧನಿಗೆ ಎರಡೂ ಒಪ್ಪಿಗೆಯಿಲ್ಲ. ಮನುಷ್ಯನೊಳಗೆ ಸ್ಥಿರವಾದ ಆತ್ಮವನ್ನು ಒಪ್ಪದವನು ಹಸುಗಳೊಳಗೆ ಸ್ಥಿರವಾದ ಗೋತ್ವವನ್ನು ಹೇಗೆ ಒಪ್ಪುವನು? ಆಗ ಒಂದೇ ಮಾತು ನೂರು ಹಸುಗಳಿಗೆ ಸಲ್ಲುವುದು ಹೇಗೆ?

ಇದಕ್ಕೆ ಉತ್ತರವಾಗಿ ದಿಙ್ನಾಗನು ಕೊಟ್ಟದ್ದು ಅಪೋಹವಾದ. ಅಪೋಹವೆಂದರೆ ಹೊರಗಿಡುವುದು, ತಳ್ಳಿಹಾಕುವುದು. ಹಸು ಎಂಬ ಮಾತು ಹಸುವಲ್ಲದುದನ್ನೆಲ್ಲ ಹೊರಗಿಟ್ಟು ಅರ್ಥ ಕೊಡುತ್ತದೆ. ಗೋವು ತಿಳಿಯದೆ ಗೋವಲ್ಲದ್ದು ತಿಳಿಯುವುದೆಂತು, ಇದು ಸುತ್ತಿ ಸುತ್ತಿ ಬಂದ ವಾದವಾಯಿತಲ್ಲ ಎಂದು ಕುಮಾರಿಲಭಟ್ಟರು ಆಕ್ಷೇಪಿಸಿದರು. ಧರ್ಮಕೀರ್ತಿಯ ಸಮಾಧಾನ ಹೀಗೆ: ಬೇರೆ ಬೇರೆಯಾದ ವಸ್ತುಗಳೂ ಒಂದೇ ಬಗೆಯ ಪ್ರಯೋಜನವನ್ನು ಕೊಡಬಲ್ಲವು; ಆ ಪ್ರಯೋಜನ ಕೊಡದವುಗಳಿಂದ ಅವನ್ನು ಮನಸ್ಸು ಬೇರ್ಪಡಿಸುವುದು; ಅಲ್ಲಿ ಹೆಸರು ನಿಲ್ಲುವುದು.

ಈ ವಾದ ಎರಡು ಭಾಷೆ ಬಲ್ಲ ಮಕ್ಕಳ ಮೂಲಕ ಸುಲಭವಾಗಿ ಬೋಧಪಡುವುದು. ನಮ್ಮ ಹುಡುಗ ಮನೆಯಲ್ಲಿ ಹಸು ಎನ್ನುವನು, ಬೀದಿಯಲ್ಲಿ ಆವು ಎನ್ನುವನು. ಧ್ವನಿಯಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲ. ಆದರೂ ಎರಡೂ ಮಾತು ಎಮ್ಮೆಯನ್ನೂ ಕುರಿಯನ್ನೂ ಕಲ್ಲನ್ನೂ ಹೊರಗಿಡುತ್ತವೆ; ಎರಡರಲ್ಲಿ ಯಾವುದನ್ನು ಹೇಳಿ ಕಳಿಸಿದರೂ ಹುಡುಗ ಬಿಚ್ಚಿಕೊಂಡು ಬರುವುದು ಅದೇ ಪ್ರಾಣಿಯನ್ನು. ಭಾಷಾಂತರ ಸಾಧ್ಯವಾಗಬೇಕಾದರೆ ಎರಡು ಮಾತುಗಳೊಳಗೂ ಒಂದೇ ತಿರುಳು ಇರಬೇಕಾಗಿಲ್ಲ. ಎರಡೂ ಒಂದೇ ಕೆಲಸ ಮಾಡಿದರೆ ಸಾಕು.

ಬೌದ್ಧರ ಈ ಪಕ್ಷಕ್ಕೆ ಪ್ರತಿಪಕ್ಷ ಬಲವಾಗಿಯೇ ಇದೆ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ನಿನ್ನೆ ಕಂಡವನೇ ಇಂದು ನೆನೆಯದಿದ್ದರೆ ನೆನಪೆಂಬುದು ಹೇಗೆ ಸಾಧ್ಯ ಎಂದು ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕೇಳಿರುವರು. ಬೌದ್ಧರಲ್ಲಿಯೇ ವಾತ್ಸೀಪುತ್ರೀಯರು ಪುದ್ಗಲವೆಂಬ ಒಂದು ಬಗೆಯ ವ್ಯಕ್ತಿಯನ್ನು ಒಪ್ಪಿದರು. ವಸುಬಂಧು ಅಭಿಧರ್ಮಕೋಶದ ಕೊನೆಯಲ್ಲಿ ಅದನ್ನು ಖಂಡಿಸಿದನು. ವಿಜಯನಗರ ಕಾಲದ ಮಾಧವರ ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕದ ಮರುಪ್ರಕರಣವೇ ಬೌದ್ಧದರ್ಶನ. ಆ ಮತವನ್ನು ಒಪ್ಪದವರೂ ಅದನ್ನು ತಿಳಿದುಕೊಂಡೇ ಮುಂದೆ ಹೋಗಬೇಕೆಂದು ನಮ್ಮ ಹಿರಿಯರು ಭಾವಿಸಿದ್ದರು.

೮. ಮೊದಲಿನ ಸಂದೇಹಕ್ಕೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಹೆಸರುಗಳ ಹಿಂದೆ ಸ್ಥಿರವಾದುದೇನೂ ಇಲ್ಲದಿದ್ದರೆ ಕನ್ನಡದ ಬಗ್ಗೆ ಕಾಳಜಿ ಏಕೆ?

ಸ್ಥಿರವಾದುದೇನೂ ಇಲ್ಲದುದರಿಂದಲೇ ಕಾಳಜಿ ಬೇಕು ಎಂಬುದು ಇಷ್ಟು ವಿವೇಚನೆಯ ಫಲ. ಕನ್ನಡವೆಂಬುದು ಯಾವುದೋ ಗುಡಿಯ ಗರ್ಭದಲ್ಲಿ ಯಾರೂ ಮುಟ್ಟದೆ ಭದ್ರವಾಗಿರುವ ಮೂರ್ತಿಯಾಗಿದ್ದರೆ, ನಾವು ಮಾತನಾಡಲಿ ಬಿಡಲಿ ಅದು ಉಳಿಯುತ್ತಿತ್ತು. ಅದು ಹಾಗಿಲ್ಲ. ಬಂಡಿಯಂತೆ, ಅದು ಭಾಗಗಳ ಜೋಡಣೆ: ಮನೆಯಲ್ಲಿ ತಾಯಿ ಆಡುವ ಮಾತು, ತರಗತಿಯ ಪಾಠ, ಹೊಲದ ಕೂಗು, ಭಜನೆ, ಲೆಕ್ಕದ ಪುಸ್ತಕ, ಊರಿನ ಬೋರ್ಡು. ಕಡಾಣಿ ಕಳಚಿದರೆ ಗಾಲಿ ಕಳಚುವುದು. ದೀಪದಂತೆ, ಅದು ಗಳಿಗೆ ಗಳಿಗೆಗೂ ಎಣ್ಣೆ ಬೇಡುವ ಸಂತತಿ. ಒಂದು ತಲೆಮಾರು ಎಣ್ಣೆ ಹೊಯ್ಯುವುದನ್ನು ಬಿಟ್ಟರೆ, ಇಲ್ಲಿ ಕನ್ನಡ "ಇದೆ" ಎಂಬ ಮಾತು "ಇತ್ತು" ಎಂಬ ಮಾತಾಗಿಬಿಡುವುದು.

ನಮ್ಮ ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಅದು ಸೇರಿತು. ರೂಢಿಯ ನುಡಿಯನ್ನು ಮೀರಬಾರದೆಂಬ ಸೂತ್ರದ ಎರಡನೆಯ ಅರ್ಧವೇ ಇಲ್ಲಿ ಕಾನೂನಿನ ಉಡುಗೆ ತೊಟ್ಟು ಬಂದಂತಿದೆ. ಆದರೆ ವಿಧಿ ಪುಸ್ತಕದಲ್ಲಿದ್ದರೆ ಸಾಲದು. ಕನ್ನಡ ಮಾಧ್ಯಮದ ತರಗತಿಗೆ ಮಗುವನ್ನು ಕಳಿಸುವ ತಂದೆತಾಯಿಗಳು ಬೇಕು. ಅಲ್ಲಿ ಕಲಿತ ಮಗು ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳದಂತೆ ನೋಡಿಕೊಳ್ಳುವ ಉಪಾಧ್ಯಾಯರು ಬೇಕು. ಮಗು ಹಿಂದೆ ಬಿದ್ದರೆ ತಂದೆತಾಯಿಗಳು ಮಾಧ್ಯಮವನ್ನು ಬಿಡುವರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಇದರ ಜೊತೆಗೆ ಸೂತ್ರದ ಮೊದಲ ಅರ್ಧವನ್ನೂ ಮರೆಯಬಾರದು. ಕನ್ನಡವನ್ನು ಪ್ರೀತಿಸುವುದಕ್ಕೆ ತೆಲುಗನ್ನು ಹಳಿಯಬೇಕಾಗಿಲ್ಲ. ಮಗು ತರಗತಿಯಲ್ಲಿ ಹಾಲಿಗೆ ಪಾಲು ಎಂದರೆ ಅದನ್ನು ತಪ್ಪೆಂದು ಗದರಿಸುವ ಬದಲು, ಹಳಗನ್ನಡದಲ್ಲಿಯೂ ಅದು ಪಾಲ್ ಆಗಿತ್ತೆಂದು ಹೇಳಿ ಕಪ್ಪುಹಲಗೆಯ ಮೇಲೆ ಮೂರು ರೂಪಗಳನ್ನೂ ಬರೆದು ತೋರಿಸಬಹುದು. ಮಗುವಿಗೆ ಅವಮಾನವಾಗುವುದಿಲ್ಲ, ಎರಡು ಭಾಷೆಗಳ ನಂಟೂ ತಿಳಿಯುವುದು, ಹೆಸರು ಬದಲಾಗುವುದೆಂಬ ತತ್ತ್ವವೂ ಮನಸ್ಸಿಗೆ ಇಳಿಯುವುದು. ಊರಿನ ಹಿರಿಯರಿಂದ ಹೊಲಗಳ, ಕೆರೆಗಳ, ಗುಡ್ಡಗಳ ಹಳೆಯ ಹೆಸರುಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸಿ ಶಾಲೆಯಲ್ಲಿ ಇಡುವುದು ನಾವೆಲ್ಲರೂ ಈ ವರ್ಷವೇ ಮಾಡಬಹುದಾದ ಕೆಲಸ. ಇಸಿಲದ ಜನರ ಮಾತುಕತೆಯಲ್ಲಿ ನಮಗೆ ಉಳಿದದ್ದು ಆ ಒಂದು ಹೆಸರಷ್ಟೆ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿದೀತು.

ಬಿಗಿಹಿಡಿಯದೆ, ಕೈಬಿಡದೆ ಹೆಸರನ್ನು ನಡೆಸಿಕೊಂಡು ಹೋಗುವುದು ಬೌದ್ಧರು ಕಂಡ ಮಧ್ಯಮಮಾರ್ಗಕ್ಕೆ ಒಪ್ಪುವ ನಡೆ. ಗಡಿನಾಡಿನ ಉಪಾಧ್ಯಾಯನಿಗೆ ಅದು ಪುಸ್ತಕದ ತತ್ತ್ವವಾಗಿ ಉಳಿಯದೆ ದಿನದ ಕರ್ತವ್ಯವಾಗಿದೆ. ಸಹೋದ್ಯೋಗಿ ಬಂಧುಗಳು ಈ ವಿಚಾರವನ್ನು ಇನ್ನೂ ಆಳವಾಗಿ ಪರಿಶೀಲಿಸಿ, ತಂತಮ್ಮ ಊರುಗಳಿಂದ ಹೊಸ ಉದಾಹರಣೆಗಳನ್ನು ಕೂಡಿಸುವರೆಂದು ಆಶಿಸುತ್ತೇನೆ.